ಹಿಂದಿನ ಬೇರಿಂಗ್

ಫೆಬ್ರವರಿ ೩

ಪುಟ್ಟ,

ಇಲ್ಲಿ ನಾನು ಚೆನ್ನಾಗಿದ್ದೇನೆ, ಗರಗಸ ಚೆನ್ನಾಗಿಲ್ಲ. ನೀನು ಹೇಗಿದ್ದೀಯ ಎಂದು ಕೇಳಿದರೆ ‘ಇದ್ದೀನಿ’ ಎನ್ನುತ್ತೀಯ, ಆದ್ದರಿಂದ ಕೇಳುವುದಿಲ್ಲ. ಫೋನ್ ಮಾಡೋಣವೆಂದುಕೊಂಡೆ. ನೀನು ಎತ್ತುವುದಿಲ್ಲ, ಎತ್ತಿದರೂ ಎರಡನೆಯ ಮಾತಿಗೆ ಜಗಳ ಶುರುವಾಗಿ ಮೂರನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ಕೊನೆಯವರೆಗೂ ಓದುತ್ತೀಯ, ಏನಾದರೂ ತಪ್ಪು ಸಿಗುತ್ತದೆಯೇ ಎಂದು ನೋಡುವುದಕ್ಕಾದರೂ.

ಮೊದಲು ಗರಗಸದ ಸಮಾಚಾರ. ನಿನ್ನ ಭಾವ ಇದ್ದಾಗ ತಂದ, ಎರಡು ಚಕ್ರದ ಮೇಲೆ ಬ್ಲೇಡು ಸುತ್ತುವ ಆ ಪಟ್ಟಿ ಗರಗಸ ಈಗ ಗೆರೆಯ ಮೇಲೆ ನಡೆಯುವುದಿಲ್ಲ. ತೂಗುಕುರ್ಚಿಯ ಕಾಲಿಗೆ ಪೆನ್ಸಿಲಿನಲ್ಲಿ ಬಾಗು ಎಳೆದು ಮರ ತಳ್ಳಿದರೆ ಬ್ಲೇಡು ತನಗೆ ಬೇಕಾದ ಕಡೆ ಹೊರಳಿಕೊಳ್ಳುತ್ತದೆ. ಬ್ಲೇಡನ್ನು ಎರಡೂ ಪಕ್ಕದಿಂದ ಹಿಡಿದು ನಡೆಸುವ ಪುಟ್ಟ ಬೇರಿಂಗುಗಳಿವೆಯಲ್ಲ, ಮೇಜಿನ ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ, ಅವನ್ನು ಬೆರಳಿನಿಂದ ತಿರುಗಿಸಿದರೆ ಗೊರಗೊರ ಎನ್ನುತ್ತವೆ. ಒಂದು ತಿರುಗುವುದನ್ನೇ ಬಿಟ್ಟಿದೆ. ಇವನ್ನು ಬದಲಾಯಿಸಬೇಕು. ನೀನಿರುವ ಪೀಠೋಪಕರಣದ ಕಾರ್ಖಾನೆಯಲ್ಲಿ ದಿನವೂ ಇದೇ ಕೆಲಸವಂತೆ. ಯಾವುದು ಹಾಕಬೇಕು, ಹೇಗೆ ಹಾಕಬೇಕು, ಬರೆ.

ಎರಡನೆಯ ಸಮಾಚಾರ. ನಮ್ಮ ಮೇಸ್ತ್ರಿ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ನಗಬೇಡ. ನಗದಿದ್ದರೆ ಇನ್ನೂ ಕಷ್ಟ ಎಂಬುದೂ ನನಗೆ ಗೊತ್ತು. ಅವರು ಮರಕ್ಕೆ ಉಜ್ಜುಕಾಗದ ತಿಕ್ಕುತ್ತಾ, ತಲೆ ಎತ್ತದೆ, ಹವಾಮಾನ ಹೇಳುವವರ ಹಾಗೆ ಕೇಳಿದರು. ನಾನು ತಮ್ಮನಿಗೆ ಬರೆದು ಹೇಳುತ್ತೇನೆ ಎಂದೆ. ನಿನ್ನ ಭಾವ ಹೋದ ಮೇಲೆ ಬಾಗಿಲು ಮುಚ್ಚಬೇಕಾಗಿದ್ದ ಕಾರ್ಖಾನೆಯನ್ನು ಉಳಿಸಿ ನಿಲ್ಲಿಸಿದವನು ನೀನು. ಅದೇ ಗರಗಸಕ್ಕೆ ತೋರುಬೆರಳಿನ ತುದಿ ಕೊಟ್ಟವನೂ ನೀನು. ‘ಆ ಮನುಷ್ಯ ಇರೋವರೆಗೂ ನಾನಿಲ್ಲಿ ಕಾಲಿಡಲ್ಲ’ ಎಂದು ಹೊರಟುಹೋದೆ, ಕಾರಣ ಇವತ್ತಿನವರೆಗೆ ಹೇಳಿಲ್ಲ. ನನಗೆ ಅವರು ಬೇಕೆನಿಸುತ್ತಿದೆ, ಪುಟ್ಟ. ಬೇಡ ಎನ್ನುವುದಾದರೆ ಕಾರಣ ಹೇಳಿ ಬೇಡ ಎನ್ನು.

ನಿನ್ನ ಅಕ್ಕ


ಫೆಬ್ರವರಿ ೧೪

ಅಕ್ಕ,

ನಗಲಿಲ್ಲ. ಕಾರಣ ಕೇಳಿದ್ದೀಯ, ತಗೋ.

ಬೆರಳು ಹೋದ ದಿನದ ಹಿಂದಿನ ಸಂಜೆ ನಾನು ಅವರಿಗೆ ಒಂದು ಹೊಸ ಬೇರಿಂಗ್ ಕೊಟ್ಟಿದ್ದೆ. ಬ್ಲೇಡಿನ ಹಿಂದೆ ನಿಂತಿರುತ್ತದಲ್ಲ, ಅದರ ಜಾಗಕ್ಕೆ. ನಾವು ಮರ ತಳ್ಳಿದಾಗ ಬ್ಲೇಡು ಹಿಂದಕ್ಕೆ ಜರುಗಿ ಒರಗಿಕೊಳ್ಳುವುದು ಅದರ ಮೇಲೆಯೇ. ಅದು ಕೈ ಕೊಟ್ಟರೆ ಬ್ಲೇಡಿಗೆ ಆಸರೆ ಇಲ್ಲ. ಹಳೆಯದರ ಮುಖದಲ್ಲಿ ಬ್ಲೇಡು ಆಗಲೇ ಆಳವಾದ ಹಳ್ಳ ತೋಡಿತ್ತು. ಬೆಳಗ್ಗೆ ನಾನು ಬರುವಷ್ಟರಲ್ಲಿ ಅವರು ಗರಗಸ ಓಡಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಹಿಂದಿನ ಬೇರಿಂಗ್ ಹಾಕಿದ್ದೀನಿ, ನೋಡ್ಕೊಂಡು ಓಡಿಸಿ.’

ನಂಬಿ ದಪ್ಪ ದಿಮ್ಮಿ ತಳ್ಳಿದೆ. ಆ ಮೇಲಿನದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಇದು: ಬಟ್ಟೆ ಸುತ್ತಿದ ಕೈಯಲ್ಲಿ ನಾನು ವಾಪಸ್ ಬಂದು ಗರಗಸ ಬಿಚ್ಚಿ ನೋಡಿದೆ. ಅಲ್ಲಿದ್ದದ್ದು ಅದೇ ಹಳ್ಳ ಬಿದ್ದ ಹಳೆಯ ಬೇರಿಂಗ್. ಹೊಸದು ಡಬ್ಬಿಯ ಸಮೇತ ಕಪಾಟಿನಲ್ಲಿ ತಣ್ಣಗೆ ಕೂತಿತ್ತು.

ಆಗ ಅವರು ಬೇರೆ ಊರಿನಿಂದ ಬಂದು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಗರಗಸದ ಮುಂದೆ ನಾನಿರುವವರೆಗೆ ಅವರು ಎರಡನೆಯವರು. ನಾನು ಹೋದೆ, ಮೊದಲನೆಯವರಾದರು. ಈಗ ಮನೆಯೊಳಕ್ಕೂ ಬರುತ್ತಾರಂತೆ. ಲೆಕ್ಕ ಕೂಡಿಸುವುದು ನಿನಗೆ ಬಿಟ್ಟಿದ್ದು.

ಪಕ್ಕದ ಬೇರಿಂಗುಗಳು ಇಷ್ಟು ಬೇಗ ಸಾಯುವುದು ಸಹಜವಲ್ಲ. ಯಾರೋ ಅವನ್ನು ಬ್ಲೇಡಿಗೆ ಒತ್ತಿ ಬಿಗಿಯುತ್ತಿರಬೇಕು. ನೀನೊಂದು ಕೆಲಸ ಮಾಡು. ಬೇರಿಂಗಿನ ಬೋಲ್ಟಿನ ತಲೆಗೂ ಅದರ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆ. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಯಾರಿಗೂ ಹೇಳಬೇಡ, ಏನೂ ಕೇಳಬೇಡ. ಕೇಳಿದರೆ ಎಚ್ಚರವಾಗಿಬಿಡುತ್ತಾರೆ.

ತಮ್ಮ


ಮಾರ್ಚ್ ೨

ಪುಟ್ಟ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟು. ಮೂರನೆಯ ದಿನ ಪೆನ್ಸಿಲು ಹುಡುಕಿದೆ.

ಗೆರೆಗಳು ಮುರಿದಿವೆ. ಒಂದು ಸಲವಲ್ಲ. ಬೆಳಗ್ಗೆ ಅವರು ಬರುವ ಮುಂಚೆ ಬಂದು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ, ಬೋಲ್ಟಿನ ಮೇಲಿನ ಗೆರೆಯೂ ಕಬ್ಬಿಣದ ಮೇಲಿನ ಗೆರೆಯೂ ಕೂಡುವುದಿಲ್ಲ. ವ್ಯತ್ಯಾಸ ಕೂದಲೆಳೆಯಷ್ಟೇ. ಯಾರೋ ಬಿಚ್ಚಿ, ಯಾರಿಗೂ ತಿಳಿಯದ ಹಾಗೆ ಮತ್ತೆ ಗೆರೆಗೆ ತಂದಿಟ್ಟ ಹಾಗೆ. ಅದೇ ನನಗೆ ಹೆದರಿಕೆ. ಬಿಚ್ಚುವವರು ಬಿಚ್ಚಲಿ, ಮುಚ್ಚಿಡುವುದು ಯಾಕೆ?

ಒಂದು ಕಂಡ ಮೇಲೆ ಎಲ್ಲವೂ ಕಾಣುತ್ತದೆ. ಮೇಸ್ತ್ರಿಯ ಉಪಕರಣದ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬಟ್ಟೆಯ ಗಂಟಿದೆ. ನಾನು ಆ ಕಡೆ ಹೋದರೆ ಮುಚ್ಚಳ ಹಾಕುತ್ತಾರೆ. ಮರದ ವ್ಯಾಪಾರಿ ಬಂದಿದ್ದ. ಇಬ್ಬರೂ ಗೇಟಿನ ಹತ್ತಿರ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು. ವ್ಯಾಪಾರಿ ಹಲ್ಲು ಕಿರಿದ. ಅವನು ಮೊದಲಿನಿಂದಲೂ ಹಲ್ಲು ಕಿರಿಯುವವನೇ, ಆದರೆ ಈ ಸಲ ನನಗೆ ಬೇರೆ ಥರ ಕಂಡಿತು. ಸಂಜೆ ಹೊರಡುವಾಗ ಮೇಸ್ತ್ರಿ ಗರಗಸದ ಮೇಜಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಲ್ಲುತ್ತಾರೆ. ಹೋದ ತಿಂಗಳವರೆಗೂ ಅದು ನನಗೆ ಇಷ್ಟವಾದ ಅಭ್ಯಾಸ. ಈಗ ಅಲ್ಲಿ ಏನು ಮುಟ್ಟಿ ನೋಡುತ್ತಿದ್ದಾರೆ ಎಂದು ಕಿಟಕಿಯಿಂದ ನೋಡುತ್ತೇನೆ.

ನನ್ನ ಕಾರ್ಖಾನೆಯಲ್ಲಿ ನಾನೇ ಕಳ್ಳಿಯ ಹಾಗೆ ಹೆಜ್ಜೆ ಇಡುತ್ತಿದ್ದೇನೆ. ಮೊನ್ನೆ ಅವರು ಚಹಾ ತಂದುಕೊಟ್ಟರು. ಆರುವವರೆಗೆ ಹಾಗೇ ಹಿಡಿದುಕೊಂಡು ಕೂತಿದ್ದೆ. ‘ಹುಷಾರಿಲ್ವಾ?’ ಎಂದರು. ‘ಇದ್ದೀನಿ’ ಎಂದೆ. ನೋಡು, ನಿನ್ನ ಮಾತೇ ನನ್ನ ಬಾಯಿಗೆ ಬಂತು.

ಉತ್ತರಕ್ಕೆ ಅವರು ಅವಸರ ಮಾಡಿಲ್ಲ. ಅದೂ ಒಂದು ಅನುಮಾನವೇ ಈಗ. ಬೇಕಾದವರು ಅವಸರ ಮಾಡಬೇಡವೇ?

ಬೇರಿಂಗ್ ಯಾವುದು ಹಾಕಬೇಕು ಎಂದು ಕೇಳಿದ್ದೆ. ಅದಕ್ಕೆ ನೀನು ಉತ್ತರ ಕೊಟ್ಟಿಲ್ಲ.

ಅಕ್ಕ


ಮಾರ್ಚ್ ೧೫

ಅಕ್ಕ,

ಪಾರ್ಸೆಲಿನಲ್ಲಿ ನಾಲ್ಕು ಬೇರಿಂಗ್ ಇವೆ, ಪಕ್ಕಕ್ಕೆ ಹಾಕುವಂಥವು. ರಬ್ಬರಿನ ಮುಚ್ಚಳದವು, ಮರದ ಹಿಟ್ಟು ಒಳಗೆ ನುಗ್ಗುವುದಿಲ್ಲ. ಪ್ರೀತಿ ಉಕ್ಕಿ ಎಣ್ಣೆ ಬಿಡಬೇಡ. ಎಣ್ಣೆಗೆ ಹಿಟ್ಟು ಮೆತ್ತಿ ಮುದ್ದೆಯಾಗುತ್ತದೆ.

ರಜೆಯ ದಿನ, ಅವರಿಲ್ಲದಾಗ, ನೀನೇ ಮಾಡು. ಮೊದಲು ಗರಗಸದ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಡು. ಹಿಂದಿನ ಬೇರಿಂಗ್ ತೆಗೆದು ಎಸೆದುಬಿಡು, ಮೇಜಿನ ಮೇಲಿನದೂ ಕೆಳಗಿನದೂ. ಯಾವತ್ತಾದರೂ ಬೇಕಾದೀತು ಎಂದು ಡಬ್ಬಿಯಲ್ಲಿ ಕೂಡಿಡಬೇಡ, ಅದು ನಮ್ಮ ಮನೆಯ ರೋಗ. ಇಟ್ಟರೆ ಯಾರೋ ಮತ್ತೆ ಅದನ್ನೇ ಹಾಕುತ್ತಾರೆ, ನನ್ನ ವಿಷಯದಲ್ಲಿ ಆದ ಹಾಗೆ. ಹೊಸವನ್ನು ಎರಡೂ ಪಕ್ಕಕ್ಕೆ ಹಾಕು. ಬ್ಲೇಡಿಗೆ ತಾಗಿಸಬೇಡ. ಮಧ್ಯೆ ಒಂದು ಕಾಗದದ ಚೂರು ಇಟ್ಟರೆ ಅದು ಸಲೀಸಾಗಿ ಆಚೀಚೆ ಆಡಬೇಕು, ಅಷ್ಟು ಸಂದು. ಬ್ಲೇಡಿನ ಹಲ್ಲು ಬೇರಿಂಗಿಗಿಂತ ಮುಂದಿರಲಿ, ಇಲ್ಲದಿದ್ದರೆ ಹಲ್ಲೂ ಹಾಳು, ಬೇರಿಂಗೂ ಹಾಳು. ಕೆಳಗಿನ ಜೊತೆಗೂ ಹೀಗೇ. ಮೇಜಿನಡಿ ಬಗ್ಗಬೇಕಾಗುತ್ತದೆ, ಸೊಂಟ ನೋಡಿಕೋ.

ಮೇಸ್ತ್ರಿಯನ್ನು ಏನೂ ಕೇಳಬೇಡ. ಬೋಲ್ಟು ಸಿಕ್ಕಿಹಾಕಿಕೊಂಡರೆ, ಅರ್ಥವಾಗದಿದ್ದರೆ ನನಗೆ ಬರೆ, ಅವರನ್ನು ಮಾತ್ರ ಕೇಳಬೇಡ. ಕೇಳಿದರೆ ಅವರೇ ಮಾಡಿಕೊಡುತ್ತೇನೆ ಎನ್ನುತ್ತಾರೆ. ಆಗ ಮತ್ತೆ ಯಾವುದು ಹಾಕಿದರು ಎಂದು ನೀನು ಬಿಚ್ಚಿ ನೋಡಬೇಕು.

ಮದುವೆಯ ವಿಷಯ ನಾನು ಹೇಳುವುದು ಮುಗಿದಿದೆ.

ತಮ್ಮ


ಏಪ್ರಿಲ್ ೬

ತಮ್ಮನಿಗೆ,

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸೀಳಿದೆ. ಹೊಲಿಗೆ ಹಾಕಿದ್ದಾರೆ. ಬೆರಳು ಮಡಚುತ್ತದೆ, ಹಿಡಿತ ಬರಲು ಕಾಲ ಬೇಕು ಎಂದು ಡಾಕ್ಟರು ಹೇಳಿದರು. ಮೊದಲಿನ ಹಾಗೆ ಬರುತ್ತದೆಯೇ ಎಂದು ಕೇಳಿದೆ, ಅವರು ಬೇರೆ ರೋಗಿಯನ್ನು ಕರೆದರು.

ನೀನು ಬರೆದ ಹಾಗೇ ಮಾಡಿದೆ. ಒಂದು ಅಕ್ಷರ ಬಿಟ್ಟಿಲ್ಲ. ಹಿಂದಿನ ಬೇರಿಂಗ್ ತೆಗೆದು ಎಸೆ ಎಂದಿದ್ದೆ. ಪಕ್ಕದವನ್ನು ಬದಲಾಯಿಸಿದ ಮೇಲೆ ಬ್ಲೇಡಿನ ಹಿಂದಿದ್ದ ಎರಡನ್ನೂ ಬಿಚ್ಚಿದೆ, ಮೇಲಿನದೂ ಕೆಳಗಿನದೂ, ಗುಜರಿಯವನ ಗಾಡಿಗೆ ಹಾಕಿದೆ. ಅವು ಚೆನ್ನಾಗಿಯೇ ತಿರುಗುತ್ತಿದ್ದವು. ಬೆರಳಿಟ್ಟು ತಿರುಗಿಸಿ ನೋಡಿ, ಇದನ್ನು ಯಾಕೆ ಎಸೆಯಬೇಕು ಎಂದು ಒಂದು ಗಳಿಗೆ ನಿಂತಿದ್ದೆ. ದೊಡ್ಡ ಕಾರ್ಖಾನೆಯಲ್ಲಿ ಇರುವವನು ನೀನು, ಹೊಸ ಪದ್ಧತಿ ಇರಬಹುದು ಎಂದುಕೊಂಡೆ. ಮೇಸ್ತ್ರಿ ಪಕ್ಕದ ಬೀದಿಯಲ್ಲೇ ಇದ್ದರು. ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಬೇಡ ಎಂದಿದ್ದೆಯಲ್ಲ.

ಬೆಳಗ್ಗೆ ಅವರು ಬಂದಾಗ ಹೇಳಿಬಿಟ್ಟೆ, ಮುಚ್ಚಿಡಲು ನನ್ನಿಂದಾಗಲಿಲ್ಲ. ‘ಪಕ್ಕದ್ದು ಹೊಸದು ಹಾಕಿದ್ದೀನಿ, ಹಿಂದಿನ ಬೇರಿಂಗ್ ತೆಗೆದಿದ್ದೀನಿ’ ಎಂದೆ. ‘ಒಳ್ಳೇದಾಯ್ತು’ ಎಂದು ನಕ್ಕು ಗರಗಸ ಹಚ್ಚಿದರು. ದಿಮ್ಮಿ ತಳ್ಳಿದರು. ಬ್ಲೇಡು ಹಿಂದಕ್ಕೆ ಜಾರಿ ಚಕ್ರದಿಂದ ಕಳಚಿ ತುಂಡಾಯಿತು.

ಈಗ ನಿನ್ನನ್ನು ಒಂದು ಮಾತು ಕೇಳುತ್ತೇನೆ. ಬ್ಲೇಡಿಗೆ ಆಸರೆ ಅದೊಂದೇ ಎಂದು ಫೆಬ್ರವರಿಯಲ್ಲಿ ನೀನೇ ಬರೆದಿದ್ದೆ. ಮಾರ್ಚಿನಲ್ಲಿ ಅದನ್ನು ತೆಗೆಸಿದೆ. ಅವರ ಕೈ ಹೋಗಲಿ ಎಂದೇ ಬರೆದೆಯಾ?

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.


ಏಪ್ರಿಲ್ ೧೨

ಅಕ್ಕ,

ನೀನು ಬರೆಯದಿದ್ದರೂ ನೀನು ಅಕ್ಕನೇ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಈ ಮಾತು ಕೇಳಿದ್ದರೆ ಕಾಗದ ಹರಿದು ಹಾಕುತ್ತಿದ್ದೆ.

ಹಿಂದಿನ ಬೇರಿಂಗ್ ಎಂದರೆ ಹಳೆಯದು. ಈ ಮೊದಲು ಇದ್ದದ್ದು. ಸವೆದುಹೋದ ಪಕ್ಕದ ಬೇರಿಂಗುಗಳನ್ನು ಎಸೆ ಎಂದು ನಾನು ಬರೆದದ್ದು. ಬ್ಲೇಡಿನ ಹಿಂದಿರುವುದನ್ನು ಮುಟ್ಟು ಎಂದು ಎಲ್ಲಿ ಹೇಳಿದ್ದೇನೆ? ಅದಕ್ಕೆ ಇಲ್ಲಿ ಎಲ್ಲರೂ ಬೆನ್ನಿನ ಬೇರಿಂಗ್ ಎನ್ನುವುದು, ಬ್ಲೇಡಿನ ಬೆನ್ನಿಗೆ ಇರುವುದರಿಂದ. ನಾನೂ ಈಗ ಹಾಗೇ ಅನ್ನುತ್ತೇನೆ. ಅದನ್ನು ಎಸೆಯಬೇಕಾಗಿದ್ದರೆ ಬೆನ್ನಿನದು ಎಂದು ಬರೆಯುತ್ತಿರಲಿಲ್ಲವೇ? ಹೊಸದು ಕಳಿಸಿ ಹಿಂದಿನದನ್ನು ತೆಗೆ ಎಂದರೆ ಹಳೆಯದು ಎಂದು ಮಕ್ಕಳಿಗೂ ಅರ್ಥವಾಗುತ್ತದೆ. ಕೆಲಸ ಗೊತ್ತಿರುವ ಯಾರನ್ನು ಬೇಕಾದರೂ ಕೇಳು. ಮಾತು ತಿರುಚಿ ನನ್ನ ತಲೆಗೆ ಕಟ್ಟಬೇಡ.

ಅವರನ್ನು ಕಂಡರೆ ನನಗಾಗದು, ನಿಜ. ಆದರೆ ಒಬ್ಬರ ಕೈ ಗರಗಸಕ್ಕೆ ಕೊಡುವವನಲ್ಲ ನಾನು. ಅದು ಹೇಗಿರುತ್ತದೆ ಎಂದು ನನಗೆ ಗೊತ್ತು. ಈಗಲೂ ಚಳಿಗೆ ಇಲ್ಲದ ಬೆರಳಿನ ತುದಿ ನೋಯುತ್ತದೆ.

ಇಷ್ಟು ವರ್ಷ ನಿನ್ನ ಬೆನ್ನಿಗೆ ನಿಂತವನ ಮೇಲೆ ಇಂಥ ಅನುಮಾನ ಪಡುವ ಮುಂಚೆ ಒಂದು ಮಾತು ಕೇಳಬಹುದಿತ್ತು.

ತಮ್ಮ


ಏಪ್ರಿಲ್ ೨೦

ಪುಟ್ಟ,

ನಿನ್ನನ್ನು ಅನುಮಾನಿಸಿದ್ದು ತಪ್ಪು. ಅಷ್ಟು ಮೊದಲು ಹೇಳಿಬಿಡುತ್ತೇನೆ. ಕೋಪ ಮಾಡಿಕೊಳ್ಳದೆ ಮುಂದೆ ಓದು.

‘ಹೊಸದು ಕಳಿಸಿ ಹಿಂದಿನದನ್ನು ತೆಗೆ ಎಂದರೆ ಹಳೆಯದು ಎಂದು ಮಕ್ಕಳಿಗೂ ಅರ್ಥವಾಗುತ್ತದೆ’ ಎಂದು ಬರೆದಿದ್ದೀಯ. ಆ ಸಾಲನ್ನು ಓದಿ ಫೆಬ್ರವರಿಯ ನಿನ್ನ ಕಾಗದ ತೆಗೆದು ಪಕ್ಕದಲ್ಲಿಟ್ಟೆ. ‘ಹಿಂದಿನ ಬೇರಿಂಗ್ ಹಾಕಿದ್ದೀನಿ, ನೋಡ್ಕೊಂಡು ಓಡಿಸಿ.’ ನೀನು ಅವರಿಗೆ ಹೊಸದು ಕೊಟ್ಟಿದ್ದೆ. ಅವರು ಹಿಂದಿನದನ್ನು ಹಾಕಿದ್ದೇನೆ ಎಂದರು. ಮಕ್ಕಳಿಗೆ ಅರ್ಥವಾಗುತ್ತಿತ್ತೇನೋ, ನಮಗಾಗಲಿಲ್ಲ. ನಾವು ಆಗ ಇಲ್ಲಿ ಅದನ್ನು ಹಿಂದಿನದು ಎಂದೇ ಕರೆಯುತ್ತಿದ್ದೆವು, ನಾನು ಈಗಲೂ ಹಾಗೇ ಕರೆಯುತ್ತೇನೆ. ಅವರು ಬಂದ ಊರಿನಲ್ಲಿ ಏನೆನ್ನುತ್ತಾರೆ ಎಂದು ನಾನು ಹೋಗಿ ಕೇಳಿದೆ. ‘ಬೆನ್ನು’ ಎಂದರು. ಯಾಕೆ ಕೇಳುತ್ತಿದ್ದೀರಿ ಎಂದರು. ಆಮೇಲೆ ಮುಚ್ಚಿಡುವುದು ನನ್ನಿಂದಾಗಲಿಲ್ಲ, ನಿನ್ನ ಕಾಗದಗಳನ್ನೆಲ್ಲ ಅವರ ಮುಂದಿಟ್ಟೆ.

ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. ಪೆನ್ಸಿಲಿನ ಗೆರೆಯ ಜಾಗಕ್ಕೆ ಬಂದಾಗ ತಲೆಯಾಡಿಸಿದರು. ಗೆರೆಗಳನ್ನು ಅವರು ಮೊದಲ ದಿನವೇ ಕಂಡಿದ್ದರಂತೆ. ಅಗಲದ ಬ್ಲೇಡು ತೆಗೆದು ಸಣ್ಣ ಬ್ಲೇಡು ಹಾಕಿದಾಗೆಲ್ಲ ಬೇರಿಂಗ್ ಸರಿಸಲೇಬೇಕು, ಅದು ದಿನದ ಕೆಲಸ. ಸಂಜೆ ಹೊರಡುವ ಮುಂಚೆ ನನಗೆ ಬೇಜಾರಾಗಬಾರದೆಂದು ಬೋಲ್ಟನ್ನು ಗೆರೆಗೆ ಸರಿಯಾಗಿ ತಂದಿಡುತ್ತಿದ್ದರಂತೆ. ಗೆರೆಗೆ ಕೂಡಿಸಲು ಹೋಗಿ ಪಕ್ಕದ ಬೇರಿಂಗ್ ಬ್ಲೇಡಿಗೆ ತಾಗಿ ಓಡುತ್ತಿತ್ತು. ಸವೆದಿದ್ದ ಬೇರಿಂಗನ್ನು ಪೂರ್ತಿ ಕೊಂದದ್ದು ನನ್ನ ಪೆನ್ಸಿಲು.

ಅಪಘಾತದ ದಿನ ಬ್ಲೇಡಿನ ಹಿಂದೆ, ಮೇಜಿನಡಿ ಬಗ್ಗಿ ಯಾಕೆ ನೋಡಲಿಲ್ಲ ಎಂದು ಕೇಳಿದೆ. ‘ನೀವು ಮಾಡಿದ್ದೀನಿ ಅಂದ ಮೇಲೆ ಬಗ್ಗಿ ನೋಡೋದು ನನಗೆ ತೋಚಲೇ ಇಲ್ಲ’ ಎಂದರು. ಅಲ್ಲಿ ನಾನು ಅತ್ತೆ, ಪುಟ್ಟ. ಅವರು ಸಮಾಧಾನ ಮಾಡಲಿಲ್ಲ.

ಮರುದಿನ ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಊರಿಗೆ ಹೊರಟುಹೋದರು. ಮದುವೆಯ ಪ್ರಶ್ನೆಯನ್ನೂ ವಾಪಸ್ ತೆಗೆದುಕೊಂಡಿದ್ದೇನೆ ಎಂದರು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ‘ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ, ಮನುಷ್ಯರಿಗೆ ಬರುತ್ತೆ. ಎದುರಿಗೇ ಇದ್ದೆ. ಕೇಳಲಿಲ್ಲವಲ್ಲ.’

ಬಟ್ಟೆಯ ಗಂಟಿನಲ್ಲಿ ಏನಿತ್ತೋ ಇನ್ನೂ ಗೊತ್ತಿಲ್ಲ. ಇರಲಿ, ಮನುಷ್ಯನಿಗೆ ಅಷ್ಟಾದರೂ ತನ್ನದು ಅಂತ ಇರಬೇಡವೇ.

ಅಕ್ಕ


ಮೇ ೫

ಮೇಸ್ತ್ರಿಯವರಿಗೆ,

ನಿಮ್ಮ ತಂಗಿಯ ವಿಳಾಸವನ್ನು ಅಕ್ಕನಿಂದ ಪಡೆದೆ. ಬರೆಯುತ್ತೇನೆಂದು ಅವಳಿಗೆ ಹೇಳಿಲ್ಲ.

ಅವಳು ಹೇಳಿದ್ದನ್ನೆಲ್ಲ ಒಪ್ಪಿಕೊಂಡು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಒಂದು ಪದ ಎರಡು ಕಡೆ ಹೊರಳುತ್ತದೆ ಎಂದ ಮಾತ್ರಕ್ಕೆ ನೀವು ಸಾಚಾ ಎಂದಾಗುವುದಿಲ್ಲ. ಈಗ ಹೊಂದಿಸಿಕೊಂಡು ಹೇಳಿದ್ದೂ ಇರಬಹುದು. ನನ್ನ ಸ್ವಭಾವವೇ ಹಾಗೆ, ನಿಮಗೆ ಗೊತ್ತಿದೆ. ಈ ಕಾಗದ ಬರೆಯಲು ಕೂತು ಹಲವು ಸಲ ಎದ್ದುಹೋದೆ.

ಅದಕ್ಕೇ ಕೇಳುತ್ತಿದ್ದೇನೆ, ನೇರವಾಗಿ. ಆ ಬೆಳಗ್ಗೆ ನೀವು ನನಗೆ ಹೇಳಿದ್ದೇನು? ನಾನು ಹೊಸ ಬೇರಿಂಗ್ ಕೊಟ್ಟ ಮೇಲೂ ಹಳೆಯದನ್ನೇ ಹಾಕಿದ್ದು ಯಾಕೆ? ಆಸ್ಪತ್ರೆಗೆ ಬಂದವರು ಆಗಲೇ ಯಾಕೆ ಹೇಳಲಿಲ್ಲ?

ಇನ್ನೊಂದು. ಅಕ್ಕ ಗರಗಸ ನಿಲ್ಲಿಸಿಬಿಟ್ಟಿದ್ದಾಳೆ. ಫೋನ್ ಮಾಡಿದೆ, ಎತ್ತಿದಳು. ಜಗಳ ಆಡಲಿಲ್ಲ. ಹೇಗಿದ್ದೀಯ ಎಂದರೆ ‘ಇದ್ದೀನಿ’ ಎಂದಳು. ಅದನ್ನು ಕೇಳಿ ನನಗೆ ಹೆದರಿಕೆಯಾಗಿದೆ. ಅವಳನ್ನು ಇನ್ನು ಮದುವೆಯಾಗುವುದಿಲ್ಲವೇ? ಹೆಣ್ಣಿನ ಕಡೆಯವನಾಗಿ ಕೇಳುತ್ತಿದ್ದೇನೆ. ಕೇಳಲು ನನಗಿಂತ ಬೇರೆ ಯಾರೂ ಅವಳಿಗಿಲ್ಲ.

ಇತಿ,
ನಿಮಗೆ ಗೊತ್ತಿರುವವನು


ಮೇ ೧೬

ಅಮ್ಮಾವ್ರ ತಮ್ಮನವರಿಗೆ,

ಅಕ್ಷರ ಸೊಟ್ಟಗಿದ್ದರೆ ಕೈಯದು, ಮನಸ್ಸಿನದಲ್ಲ.

ನೀವು ಕೊಟ್ಟ ಹೊಸ ಬೇರಿಂಗಿನ ಒಳತೂತು ದೊಡ್ಡದಿತ್ತು. ಕೂರಿಸಿದರೆ ತನ್ನ ಗೂಟದ ಮೇಲೆ ಅಲ್ಲಾಡುತ್ತಿತ್ತು. ಅಂಗಡಿಯವನು ಬೇರೆ ಅಳತೆಯದು ಕೊಟ್ಟಿದ್ದ. ಅಲ್ಲಾಡುವ ಹೊಸದಕ್ಕಿಂತ ಅಲ್ಲಾಡದ ಹಳೆಯದು ವಾಸಿ, ತೆಳು ಮರಕ್ಕೆ ಒಂದು ದಿನ ನಡೆಯುತ್ತದೆ ಎಂದು ಅದನ್ನೇ ವಾಪಸ್ ಹಾಕಿದೆ. ‘ಹಿಂದಿನ ಬೇರಿಂಗೇ ಹಾಕಿದ್ದೀನಿ, ನೋಡ್ಕೊಂಡು ಓಡಿಸಿ’ ಎಂದೆ. ಹಿಂದಿನ ಬೇರಿಂಗೇ. ಗರಗಸ ಓಡುತ್ತಿತ್ತು, ಕೊನೆಯ ಅಕ್ಷರ ಸದ್ದಿನಲ್ಲಿ ಮುಳುಗಿರಬೇಕು. ಹುಷಾರಾಗಿ ಓಡಿಸಿ ಎನ್ನುವುದಕ್ಕೆ ನಾನು ನೋಡ್ಕೊಂಡು ಎಂದೆ. ನೀವು ಅದನ್ನು ‘ಓಡಿಸಿ ನೋಡಿ, ಎಲ್ಲ ಸರಿಯಿದೆ’ ಎಂದು ತಿಳಿದಿರಿ.

ಆಸ್ಪತ್ರೆಗೆ ಬಂದೆ. ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಕೇಳದವರಿಗೆ ಉತ್ತರ ಹೇಳಿದರೆ ತಪ್ಪಿಸಿಕೊಳ್ಳಲು ಹೇಳಿದ ಹಾಗಿರುತ್ತದೆ ಎಂದು ಸುಮ್ಮನಾದೆ. ಇದನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ಕೇಳಿದ್ದಕ್ಕೆ ಉಪಕಾರವಾಯಿತು.

ಮದುವೆಯ ಪ್ರಶ್ನೆಗೆ ನಿಮಗೆ ಉತ್ತರ ಕೊಡಲಾರೆ. ಅದು ನಿಮ್ಮ ಪ್ರಶ್ನೆಯಲ್ಲ.

ಗರಗಸಕ್ಕೆ ಬೆನ್ನಿನ ಬೇರಿಂಗ್ ಹಾಕದೆ ಯಾರೂ ಹಚ್ಚಬಾರದು ಎಂದು ಅಮ್ಮಾವ್ರಿಗೆ ತಿಳಿಸಿ. ಬರೆಯುವಾಗ ದಯವಿಟ್ಟು ‘ಬ್ಲೇಡಿನ ಹಿಂಬದಿಗೆ ಇರುವ, ಬ್ಲೇಡು ಒರಗುವ ಬೇರಿಂಗ್’ ಎಂದು ಬಿಡಿಸಿ ಬರೆಯಿರಿ.

ಇಂತು,
ಮೇಸ್ತ್ರಿ


ಜೂನ್ ೨

ಪುಟ್ಟ,

ನೀನು ಅವರ ಕಾಗದವನ್ನು ನನಗೆ ಕಳಿಸಿದೆ, ಜೊತೆಗೆ ಒಂದು ಸಾಲೂ ಬರೆಯಲಿಲ್ಲ. ‘ಅದು ನಿಮ್ಮ ಪ್ರಶ್ನೆಯಲ್ಲ’ ಎಂಬುದರ ಕೆಳಗೆ ಮಾತ್ರ ಉಗುರಿನಿಂದ ಗೀರಿದ್ದೆ. ಅರ್ಥವಾಯಿತು. ಬೇಡದ ಕಡೆ ಉದ್ದಕ್ಕೆ ಬರೆಯುತ್ತೀಯ, ಬೇಕಾದ ಕಡೆ ಉಗುರು.

ನಿನ್ನೆ ಬಸ್ಸು ಹತ್ತಿದೆ. ಅವರ ತಂಗಿಯ ಮನೆ ಒಂದು ಸಣ್ಣ ಬೀದಿಯ ಕೊನೆಯಲ್ಲಿದೆ. ಮುಂದೆ ಒಂದು ಹಜಾರ, ಅದರಲ್ಲಿ ಅವರು ಎಡಗೈಯಲ್ಲಿ ಕಿಟಕಿಯ ಚೌಕಟ್ಟಿಗೆ ಉಳಿ ಹಿಡಿಯಲು ಕಲಿಯುತ್ತಿದ್ದರು. ತಂಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೀರು ಕೊಟ್ಟು, ಒಳಗೆ ಹೋಗಿ ಒಂದಷ್ಟು ಪಾತ್ರೆ ಸದ್ದು ಮಾಡಿ ನಿಲ್ಲಿಸಿದಳು. ಅಂದರೆ ಬಾಗಿಲ ಹಿಂದೆಯೇ ನಿಂತಿದ್ದಳು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದೆ. ಅವರು ಉಳಿ ಕೆಳಗಿಟ್ಟರು. ಆ ಮೇಲೆ ಬಹಳ ಹೊತ್ತು ಮಾತಾಡಿದರು. ಅಷ್ಟು ಮಾತು ಅವರಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದದ್ದು ಅವರಿಗೆ ತಿಳಿದಿತ್ತು. ಆರಿದ ಚಹಾ ಚೆಲ್ಲಿದ್ದೂ ತಿಳಿದಿತ್ತು. ಪ್ರತಿದಿನ, ಇವತ್ತು ಕೇಳುತ್ತಾರೆ ಎಂದು ಕಾಯುತ್ತಿದ್ದರಂತೆ. ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದೆ. ನಿನಗೆ ಗೊತ್ತು, ಅದು ನನಗೆ ಎಷ್ಟು ಕಷ್ಟ ಎಂದು. ಮುಗಿದ ಮೇಲೆ ನಾನೂ ಒಂದು ಹೇಳಿದೆ: ನೀವೂ ಕೇಳಲಿಲ್ಲ, ಗೆರೆ ಕಂಡ ದಿನವೇ ಇದೇನು ಎಂದು ಒಂದು ಮಾತು ಕೇಳಿದ್ದರೆ ನಿಮ್ಮ ಕೈ ಉಳಿಯುತ್ತಿತ್ತು. ಅವರು ಕೈಯನ್ನು ನೋಡಿಕೊಂಡರು. ‘ಹೌದು’ ಎಂದರು.

‘ಇನ್ನೊಂದ್ಸಲ ಅನುಮಾನ ಬಂದ್ರೆ?’

ಬರುವುದಿಲ್ಲ ಎಂದು ಹೇಳಬಹುದಿತ್ತು, ಪುಟ್ಟ. ಹೇಳಿದ್ದರೆ ಅವರು ನಂಬುತ್ತಲೂ ಇದ್ದರು. ಅದಕ್ಕೇ ಹೇಳಲಿಲ್ಲ. ‘ಬರುತ್ತೆ’ ಎಂದೆ. ‘ಬಂದ ಕೂಡ್ಲೇ ನಿಮ್ಮನ್ನೇ ಕೇಳ್ತೀನಿ. ಒಲೆ ಮೇಲೆ ಹಾಲು ಉಕ್ತಿದ್ರೂ ಬಿಟ್ಟು ಬಂದು ಕೇಳ್ತೀನಿ.’

ಅವರು ಎದ್ದು ಒಳಗೆ ಹೋದರು. ನಾನು ಕೂತೆ. ತಂಗಿಯ ಸದ್ದೂ ಇಲ್ಲ, ಅವರ ಸದ್ದೂ ಇಲ್ಲ. ಲೋಟದ ನೀರು ಮುಗಿಯಿತು. ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು. ಹಿತ್ತಿಲ ಕಡೆ ಎಲ್ಲೋ ಬಾಗಿಲು ಕಿರುಗುಟ್ಟಿದ ಹಾಗಾಯಿತು. ನನ್ನನ್ನು ಇಲ್ಲಿ ಕೂರಿಸಿ ಆ ಕಡೆಯಿಂದ ಹೊರಟೇ ಹೋದರು ಎಂದುಕೊಂಡೆ. ನೋಡು ನನ್ನ ಹಣೆಬರಹ, ಮಾತು ಕೊಟ್ಟು ಎಷ್ಟು ಹೊತ್ತಾಗಿತ್ತು?

ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೇಳಿದೆ: ‘ಹೊರಟುಹೋದ್ರಾ?’

‘ಇಲ್ಲ,’ ಎಂದು ಒಳಗಿನಿಂದ ಧ್ವನಿ ಬಂತು. ‘ಚಪ್ಪಲಿ ಹುಡುಕ್ತಿದ್ದೀನಿ. ಬಸ್ಸು ಎಷ್ಟೊತ್ತಿಗೆ?’

ನಿನ್ನ
ಅಕ್ಕ